ನೂರರವರೆಗೆ ಎಣಿಸಬಲ್ಲ ಸಿಂಗಾರಮ್ಮ

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ, ಕೆರೆಗೆ ಹತ್ತಿರವಾಗಿ ಒಂದು ಮುಳ್ಳಿನ ಪೊದೆ ಇತ್ತು. ಅಲ್ಲಿ ಸಿಂಗಾರಮ್ಮ ಎಂಬ ಗೌಜಲಕ್ಕಿ ತನ್ನ ಐದು ಮರಿಗಳ ಜೊತೆ ವಾಸವಾಗಿದ್ದಳು. ಎದುರಿನ ಬಂಡೆಯ ಮರೆಯಲ್ಲಿ ಬೋರಕ್ಕ ಎಂಬ ಮೊಲದ ಸಂಸಾರ.

ಸಿಂಗಾರಮ್ಮನಿಗೆ ನೂರರವರೆಗೆ ಎಣಿಕೆ ಬಾಯಿಪಾಠವಾಗಿತ್ತು. ಆ ಹೆಮ್ಮೆಯಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಗಾದರೆ ಸಾಕು, ಮರಿಗಳನ್ನು ಸಾಲಾಗಿ ನಿಲ್ಲಿಸಿ ಉರು ಹೊಡೆಸುತ್ತಿದ್ದಳು. ಹಿರಿಮಗಳು ಚಿಟ್ಟಿಯಂತೂ ಉಸಿರೆಳೆಯದೆ ನೂರು ಮುಟ್ಟುತ್ತಿದ್ದಳು.

ಬೋರಕ್ಕನ ಮನೆಯಲ್ಲಿ ಬರೀ ಆಟ. ಮರಿಮೊಲಗಳು ಬಂಡೆಯ ಹಿಂದೆ ಅಡಗುತ್ತಿದ್ದವು. ಕಿರಿಯವನು ಗುಂಡ ಕಾವಲು ಕೂರುತ್ತಿದ್ದ. ಒಬ್ಬರು ಹಿಂದೆ ಹೋದರೆ ಒಂದು ಹುಣಸೆಬೀಜ ಮುಂದಿಡುವನು, ಒಬ್ಬರು ಹೊರಬಂದರೆ ಒಂದು ತೆಗೆಯುವನು.

"ಎರಡು ಬೀಜ ಉಳಿದಿವೆ! ಇನ್ನಿಬ್ಬರು ಬನ್ನಿ!" ಎಂದು ಕೂಗುವನು.

ಬೋರಕ್ಕನೂ ಪಕ್ಕದಲ್ಲಿ ಕುಳಿತು, "ಈಗ ಒಬ್ಬಳು ಬಂದರೆ ಎಷ್ಟು ಉಳಿಯುತ್ತಪ್ಪ?" ಎಂದು ಕೇಳುವಳು.

ಚಿಟ್ಟಿ ಕತ್ತು ಚಾಚಿ ನೋಡಿದಳು. "ಅಮ್ಮಾ, ನಾನೂ ಹೋಗಲಾ?"

"ಬೀಜ ಆಡೋಕಾ? ನೂರು ಕಲಿತವಳು ನೀನು!" ಎಂದು ಗದರಿದ ಸಿಂಗಾರಮ್ಮ, ಮೊಲದ ಕಡೆ ತಿರುಗಿ, "ಏನ್ರೀ ಬೋರಕ್ಕ, ಮಕ್ಕಳಿಗೆ ಒಂದಿಷ್ಟು ಲೆಕ್ಕ ಕಲಿಸಬಾರದೇ?" ಎಂದಳು.

"ಕಲೀತಾ ಇದ್ದಾರಲ್ಲ ಸಿಂಗಾರಮ್ಮ," ಎಂದು ಬೋರಕ್ಕ ನಕ್ಕಳು.

ಒಂದು ಮಧ್ಯಾಹ್ನ ಗೌಜಲಕ್ಕಿಯ ಸಂಸಾರ ಕೆರೆಯಿಂದ ನೀರು ಕುಡಿದು ಬರುತ್ತಿತ್ತು. ಅಷ್ಟರಲ್ಲಿ ನರಿಗಳ ವಾಸನೆ! ಎಲ್ಲರೂ ಬಂಡೆಯ ಮರೆಗೆ ಓಡಿ ಮೊಲಗಳ ಪಕ್ಕ ಮುದುರಿ ಕುಳಿತರು. ನರಿಗಳು ಒಂದರ ಹಿಂದೆ ಒಂದು ಪೊದೆಯೊಳಗೆ ನುಗ್ಗಿದವು. ಸ್ವಲ್ಪ ಹೊತ್ತಿಗೆ ಹೊರಬಂದು ಕೆರೆಯತ್ತ ಇಳಿದು ಹೋದವು.

"ಹೋದವು, ನಡೀರಿ ಮನೆಗೆ," ಎಂದಳು ಸಿಂಗಾರಮ್ಮ.

"ಬೇಡ ಅತ್ತೆ!" ಗುಂಡ ಅಡ್ಡ ಬಂದ. ಆಟದ ಅಭ್ಯಾಸ ನೋಡಿ, ಅವನು ನರಿಗಳಿಗೂ ಬೀಜ ಇಟ್ಟಿದ್ದ. "ಒಂದು ಬೀಜ ಇನ್ನೂ ಇಲ್ಲೇ ಇದೆ. ಒಂದು ನರಿ ಒಳಗೇ ಇದೆ."

"ಗೇಣುದ್ದ ಇಲ್ಲ, ನೀನು ನನಗೆ ಲೆಕ್ಕ ಹೇಳ್ತೀಯಾ? ಚಿಟ್ಟಿ, ಎಷ್ಟು ನರಿ ಹೊರಗೆ ಬಂದವು, ಹೇಳು."

ಚಿಟ್ಟಿ ನೆಟ್ಟಗೆ ನಿಂತಳು. "ಒಂದು, ಎರಡು, ಮೂರು, ನಾಲ್ಕು, ಐದು..."

"ಸಾಕು! ನರಿ ಎಷ್ಟು ಅಂದೆ."

"ಆರು, ಏಳು, ಎಂಟು..."

ಸಿಂಗಾರಮ್ಮ ದಂಗಾದಳು. ಮಗಳಿಗೆ ಅದು ಬರೀ ಹಾಡು! ಎಲ್ಲಿ ನಿಲ್ಲಿಸಬೇಕೆಂದೇ ಗೊತ್ತಿಲ್ಲ! ಹೋಗಲಿ, ತಾನೇ ಹೇಳೋಣವೆಂದು ಕೊಕ್ಕು ತೆರೆದಳು. ಹೊರಗೆ ಬಂದದ್ದು ಎರಡೋ, ಮೂರೋ? ಒಳಗೆ ಹೋದದ್ದು ಎಷ್ಟು? ನೂರು ಬಲ್ಲ ತನಗೆ ಬೆರಳೆಣಿಕೆಯ ನರಿಗಳ ಲೆಕ್ಕ ಗೊತ್ತಿಲ್ಲ!

ಅಷ್ಟರಲ್ಲಿ, "ನಡೀರಿ" ಅಂದದ್ದನ್ನು ಕೇಳಿದ್ದ ಕೊನೆಯ ಮರಿ ಪುಟುಪುಟು ಹೆಜ್ಜೆ ಹಾಕಿ ಪೊದೆಯ ಬಾಯಿಗೆ ಹೋಗಿಬಿಟ್ಟಿತ್ತು.

"ಅಯ್ಯೋ!" ಸಿಂಗಾರಮ್ಮ ಹಾರಿದಳು. ಪೊದೆಯಿಂದ ನರಿ ನೆಗೆಯಿತು. ಅವಳು ಮರಿಯನ್ನು ಪಕ್ಕಕ್ಕೆ ನೂಕಿದಳು. ಗಬಕ್ಕನೆ ನರಿಯ ಬಾಯಿ ಮುಚ್ಚಿತು. ಬಾಯಿಗೆ ಸಿಕ್ಕಿದ್ದು ಬಾಲದ ಗರಿಗಳು ಮಾತ್ರ. ಬೋರಕ್ಕ ನರಿಯ ಮೂಗಿನ ಮುಂದೆಯೇ ಛಂಗನೆ ಜಿಗಿದು ಓಡಿದಳು. ಗರಿ ಉಗುಳಿ ನರಿ ಅವಳ ಬೆನ್ನು ಹತ್ತಿತು. ಮೊಲದ ಓಟಕ್ಕೆ ಅದು ಎಲ್ಲಿ ಸಾಟಿ? ಅದನ್ನು ದೂರದ ದಿಣ್ಣೆಯಾಚೆ ದಾರಿ ತಪ್ಪಿಸಿ ಅವಳು ಏದುಸಿರು ಬಿಡುತ್ತಾ ಹಿಂದಿರುಗಿದಳು.

ಇತ್ತ ಸಿಂಗಾರಮ್ಮ ಮರಿಗಳನ್ನು ಎಣಿಸುತ್ತಿದ್ದಳು. ಹೆದರಿದ ಮರಿಗಳು ಅತ್ತಿತ್ತ ಓಡುತ್ತಿದ್ದವು. ಒಮ್ಮೆ ಏಳು ಬಂತು, ಇನ್ನೊಮ್ಮೆ ಒಂಬತ್ತು!

"ನನಗಿರೋದು ಐದು ಮಕ್ಕಳು. ಎಲ್ಲರೂ ಇದ್ದಾರಾ? ಯಾರಾದರೂ ಹೇಳಿ!" ಎಂದು ಗೋಳಾಡಿದಳು.

ಗುಂಡ ಐದು ಬೀಜಗಳನ್ನು ಸಾಲಾಗಿ ಇಟ್ಟ. "ಒಂದೊಂದರ ಹತ್ತಿರ ಒಬ್ಬೊಬ್ಬರು ನಿಲ್ಲಿ."

ಮರಿಗಳು ನಿಂತವು. ಒಂದು ಬೀಜದ ಹತ್ತಿರ ಯಾರೂ ಇರಲಿಲ್ಲ.

ಸಿಂಗಾರಮ್ಮ ಚೀರಿದಳು. "ಚಿಟ್ಟಿ! ನನ್ನ ಚಿಟ್ಟಿ ಎಲ್ಲಿ?"

ಆಗ ಬಂಡೆಯ ಸಂದಿನಿಂದ ಸಣ್ಣ ದನಿಯೊಂದು ಕೇಳಿತು. "ಎಂಬತ್ತೆಂಟು, ಎಂಬತ್ತೊಂಬತ್ತು..."

ಕಣ್ಣು ಮುಚ್ಚಿ, ಥರಥರ ನಡುಗುತ್ತಾ ಚಿಟ್ಟಿ ಇನ್ನೂ ಎಣಿಸುತ್ತಲೇ ಇದ್ದಳು!

"ಸಾಕು ಮಗಳೇ, ಸಾಕು," ಎಂದು ತಾಯಿ ಅವಳನ್ನು ರೆಕ್ಕೆಯೊಳಗೆ ಎಳೆದುಕೊಂಡಳು.

ಮರುದಿನ ಬಾಲವಿಲ್ಲದ ಸಿಂಗಾರಮ್ಮ ಐದು ಮರಿಗಳನ್ನೂ ಕರೆದುಕೊಂಡು ಬಂಡೆಯ ಹತ್ತಿರ ಬಂದಳು. ನಾಚಿಕೆಯಿಂದ ತಲೆ ತಗ್ಗಿಸಿ ಕೇಳಿದಳು: "ಗುಂಡಪ್ಪ, ಇವರ ಜೊತೆ ನನ್ನನ್ನೂ ಆಟಕ್ಕೆ ಸೇರಿಸಿಕೊಳ್ತೀಯಾ?"

"ಬನ್ನಿ ಅತ್ತೆ," ಎಂದು ಗುಂಡ ಸರಿದು ಜಾಗ ಬಿಟ್ಟ.

ನೀತಿ: ಬಾಯಿಪಾಠದ ಎಣಿಕೆ ನಾಲಿಗೆಯ ಮೇಲಷ್ಟೇ ಇರುತ್ತದೆ, ಆಡುತ್ತಾ ಕಲಿತ ಲೆಕ್ಕ ಕಷ್ಟದಲ್ಲಿ ಕೈಹಿಡಿಯುತ್ತದೆ.