ತಂಗಡಿಯ ಕಾಯಿ ಚಪ್ಪಟೆಯಾದದ್ದು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲವದು. ಗಿಡಗಳು ಮಾತಾಡುತ್ತಿದ್ದವು, ಗಾಳಿ ನಿಂತು ಕೇಳುತ್ತಿತ್ತು.

ಒಂದು ಕಲ್ಲುಗುಡ್ಡದ ಮೇಲೆ ತಂಗಡಿ ಗಿಡವೂ, ಈಗ ನಾವು ಗಿಜಿಗಿಜಿ ಎನ್ನುವ ಗಿಡವೂ ಅಕ್ಕಪಕ್ಕದಲ್ಲೇ ಬೆಳೆದಿದ್ದವು. ಎರಡಕ್ಕೂ ಹಳದಿ ಹೂವು. ಎರಡಕ್ಕೂ ಉಬ್ಬಿದ ಗುಂಡು ಕಾಯಿ. ಅಕ್ಕತಂಗಿಯರ ಹಾಗಿದ್ದವು.

ಆ ಗುಡ್ಡಕ್ಕೆ ಕೆಂಚವ್ವ ಎಂಬ ಮುದುಕಿ ಬರುತ್ತಿದ್ದಳು. ಬೇಸಿಗೆಯಲ್ಲಿ ಗಿಡಗಳು ಒಣಗಿ ಬೋಳಾದರೆ ಯಾವುದು ಮದ್ದು, ಯಾವುದು ವಿಷ ಎಂಬುದನ್ನು ಊರಿನವರು ಮರೆತುಬಿಡುತ್ತಿದ್ದರು. ಅದಕ್ಕೇ ಅವಳು ಹೂವು, ಕಾಯಿ ಎರಡೂ ಇರುವ ಒಂದೊಂದು ರೆಂಬೆ ಕೊಯ್ದು, ಮುತ್ತುಗದ ಎಲೆಗಳ ನಡುವೆ ಹರಡಿ, ಅಲ್ಲೇ ಬಂಡೆಯ ಮೇಲಿಟ್ಟು, ಮೇಲೊಂದು ಚಪ್ಪಡಿ ಕಲ್ಲು ಹೇರುತ್ತಿದ್ದಳು. ಒಣಗಿದ ಮೇಲೆ ಮನೆಗೆ ಒಯ್ದು, ಊರಿನವರಿಗೆ ಗುರುತು ತೋರಿಸಲೆಂದು ಜೋಪಾನ ಮಾಡುತ್ತಿದ್ದಳು.

ಒಂದು ದಿನ ಅವಳು ಗಿಜಿಗಿಜಿಯ ರೆಂಬೆ ಕೊಯ್ದು ಕಲ್ಲಿನಡಿ ಇಟ್ಟಳು. ತಂಗಡಿಯ ಕಾಯಿ ಮುಟ್ಟಿ ನೋಡಿ ಕೊಯ್ಯದೆ ಬಿಟ್ಟಳು.

"ನನ್ನದು ಬೇಡವೇನವ್ವ?" ಎಂದು ಕೇಳಿತು ತಂಗಡಿ.

"ನಿನ್ನ ಕಾಯಿ ಇನ್ನೂ ಎಳೆಯದು ಮಗಳೇ. ಬಲಿಯಲಿ, ಬರ್ತೀನಿ."

ಬರ್ತೀನಿ ಎಂದದ್ದು ತಂಗಡಿಯ ಕಿವಿಗೆ ಬೀಳಲೇ ಇಲ್ಲ. ಗಿಜಿಗಿಜಿಯನ್ನು ಊರೆಲ್ಲ ನೆನೆಯುತ್ತದೆ, ನನ್ನನ್ನು ಯಾರೂ ನೆನೆಯುವುದಿಲ್ಲ ಎಂದು ಬೇರಿನವರೆಗೂ ಹೊಟ್ಟೆ ಉರಿಯಿತು. ಗಿಜಿಗಿಜಿ ಮಾತಾಡಿಸಿದರೆ ಎಲೆ ತಿರುಗಿಸಿಕೊಂಡಿತು. ನೀರು ಕುಡಿದರೂ ಉರಿ, ನೆರಳು ಬಿದ್ದರೂ ಉರಿ.

ಕೊನೆಗೆ ಗಾಳಿಯನ್ನು ಕರೆದು, ಆ ಕಲ್ಲನ್ನು ಒಂದು ಚೂರು ಎತ್ತೆಂದು ಕಾಡಿತು. ಗಾಳಿ ಬೇಡವೆಂದು ಎಷ್ಟು ಹೇಳಿದರೂ ಬಿಡಲಿಲ್ಲ. ಬೇಸತ್ತ ಗಾಳಿ ಕಲ್ಲೆತ್ತಿತು. ತಂಗಡಿ ಬಾಗಿ, ಗಿಜಿಗಿಜಿಯ ರೆಂಬೆಯನ್ನು ಆಚೆ ತಳ್ಳಿ, ತನ್ನ ಕಾಯಿಗಳನ್ನೆಲ್ಲ ಒಳಗೆ ತೂರಿಸಿತು. ಕಲ್ಲು ದೊಪ್ಪನೆ ಕೂತಿತು.

ಎಳೆಗಾಯಿ, ಎಷ್ಟೆಂದು ತಡೆದೀತು?

ಕೆಂಚವ್ವ ಮತ್ತೆ ಬಂದಾಗ ಕೈಯಲ್ಲೊಂದು ಅಗಲವಾದ ಮುತ್ತುಗದೆಲೆ ಇತ್ತು. ಕಲ್ಲೆತ್ತಿ ನೋಡಿದರೆ ತಂಗಡಿಯ ಕಾಯಿಗಳೆಲ್ಲ ಹಪ್ಪಳ. ಅವಳು ಬೈಯಲಿಲ್ಲ.

"ಈ ಎಲೇನ ನಿನಗೇ ಅಂತ ಆರಿಸಿ ತಂದಿದ್ದೆನಲ್ಲೇ," ಎಂದಳು, ಅಷ್ಟೇ.

ತಂಗಡಿ ತಲೆ ತಗ್ಗಿಸಿತು. ಆಚೆ ಬಿದ್ದಿದ್ದ ಗಿಜಿಗಿಜಿಯ ಬಲಿತ ಕಾಯಿಗಳು ಬಿಸಿಲಿಗೆ ಹಾಯಾಗಿ ಒಣಗಿ, ಒಳಗೆ ಬೀಜ ಬಿಡಿಬಿಡಿಯಾಗಿ ಆಡುತ್ತಿದ್ದವು. ಮುದುಕಿ ತಂಗಡಿಯದೂ ಒಂದು ರೆಂಬೆ ಮುರಿದು, ಎರಡನ್ನೂ ಆ ಒಂದೇ ಎಲೆಯ ಮೇಲೆ ಮಲಗಿಸಿ ಮನೆಗೆ ಒಯ್ದಳು.

ಅಂದಿನಿಂದ ತಂಗಡಿಯ ಕಾಯಿ ಗಿಡದಲ್ಲಿರುವಾಗಲೇ ಕಲ್ಲಿನಡಿ ಒತ್ತಿಟ್ಟ ಹಾಗೆ ಚಪ್ಪಟೆ. ಗಿಜಿಗಿಜಿಯ ಕಾಯಿ ಮಾತ್ರ ಇವತ್ತಿಗೂ ಉಬ್ಬಿಕೊಂಡೇ ಇದ್ದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಜಿಗಿಜಿ ಎನ್ನುತ್ತದೆ.