ಹುಣಿಸೆ ಬೀಜ ಸಿಗದ ಮಾತು

"ಗುರುಗಳೇ, ಈ ಕಾದಂಬರಿಯ ಕಷ್ಟದ ಪದಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೂ ಚರ್ಚೆಗೆ ಕೂತರೆ ಉಳಿದವರ ಮುಂದೆ ಪೆದ್ದನಂತೆ ಕಾಣುತ್ತೇನೆ. ಅವರ ಸಮಕ್ಕೆ ಇಂಗ್ಲಿಷ್ ಮಾತಾಡಬೇಕಾದರೆ ಇನ್ನೆಷ್ಟು ಪದ ಬೇಕು?" ಎಂದು ಹಾಲೇಶ ಕೇಳಿದ.

ಗುರುಗಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದು ನಿವೃತ್ತರಾದವರು. ಹಾಲೇಶ ಇದ್ದ ಮಠದ ವಿದ್ಯಾರ್ಥಿನಿಲಯದ ಹುಡುಗರಿಗೆ ಸಂಜೆ ಹೊತ್ತು ಪಾಠ ಹೇಳುತ್ತಿದ್ದರು. ಬೇಗ ಸಿಡುಕುತ್ತಿದ್ದರು, ಅಷ್ಟೇ ಬೇಗ ಕರಗುತ್ತಿದ್ದರು. ಅವರು ಹಾಲೇಶನ ಕೈಯಿಂದ ಪುಸ್ತಕ ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಪದ ಕಲಿಯಬೇಡ ಎಂದು ನಾನು ಹೇಳುವವನಲ್ಲ. ಕಲಿ, ಹೊಟ್ಟೆ ತುಂಬ ಕಲಿ. ಈಗ ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಪೇಟೆ ಬೀದಿಯಲ್ಲಿ ಅಂಗಡಿ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸಿಕೊಂಡು ಹೋಗುತ್ತಾರಲ್ಲ, ಆ ಹೆಸರನ್ನು ಅವನೇ ಕೊರೆಯುತ್ತಿದ್ದ. ಅಕ್ಷರ ಮುದ್ದಾಗಿ ಬರುತ್ತಿತ್ತು. ಆ ಊರಿನ ಅರ್ಧ ಅಡುಗೆಮನೆಗಳಲ್ಲಿ ಅವನ ಕೈಬರಹವೇ ಇತ್ತು.

ಅವನಿಗೆ ಒಬ್ಬನೇ ಮಗ. ಒಂದನೇ ತರಗತಿಗೆ ಹೋಗುತ್ತಿದ್ದಾಗ ಜ್ವರ ಬಂದು ತೀರಿಕೊಂಡ. ಆಮೇಲೆ ಮನೆಯಲ್ಲಿ ಗಂಡ ಹೆಂಡತಿ ಮಗನ ಹೆಸರೆತ್ತಲಿಲ್ಲ. ಸಾರಿಗೆ ಉಪ್ಪು ಸಾಲದು, ಇವತ್ತು ಅಂಗಡಿಗೆ ಗಿರಾಕಿ ಕಡಿಮೆ, ಇಂಥ ಮಾತಾಡಿಕೊಂಡೇ ವರ್ಷಗಳು ಕಳೆದವು. ಆದರೆ ಪ್ರತಿ ಯುಗಾದಿಗೆ ವ್ಯಾಪಾರಿ ಅಂಗಡಿಯ ಬಾಗಿಲು ಹಾಕಿಕೊಂಡು ಒಂದು ತಟ್ಟೆಗೆ ಮಗನ ಹೆಸರು ಕೊರೆಯುತ್ತಿದ್ದ. ಅದನ್ನು ಅಟ್ಟದ ಮೇಲೆ ಇಟ್ಟುಬಿಡುತ್ತಿದ್ದ. ಹಿಂದಿನ ವರ್ಷದ್ದಕ್ಕಿಂತ ಈ ವರ್ಷದ್ದು ಸ್ವಲ್ಪ ದೊಡ್ಡ ತಟ್ಟೆ. ಇದ್ದಿದ್ದರೆ ಹುಡುಗ ಬೆಳೆಯುತ್ತಿದ್ದನಲ್ಲ!

ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಯಾರಿಗಾದರೂ ಒಂದು ಸಲ ಹೇಳಿ ಹಗುರಾಗಬೇಕು ಎಂದು ಅವನ ಜೀವ ಚಡಪಡಿಸುತ್ತಿತ್ತು. ಆದರೆ ಬಾಯಿ ತೆರೆದರೆ ಮಾತಿಗಿಂತ ಮೊದಲು ಅಳು ನುಗ್ಗಿ ಬರುತ್ತಿತ್ತು. ಅಂಗಡಿಯ ಗಲ್ಲಾದ ಮುಂದೆ ಕೂತವನು ಅಳುವುದು ಹೇಗೆ? ನುಂಗಿಕೊಳ್ಳುತ್ತಿದ್ದ.

ಆ ಊರಿನ ಗ್ರಂಥಾಲಯದಲ್ಲಿ ಭಾನುವಾರ ಕೆಲವರು ಸೇರಿ ಒಂದು ಇಂಗ್ಲಿಷ್ ಕಾದಂಬರಿ ಓದುತ್ತಿದ್ದರು. ಒಂದೊಂದು ವಾರಕ್ಕೆ ಒಂದೊಂದು ಅಧ್ಯಾಯ. ಮನೆಯಲ್ಲಿ ಓದಿಕೊಂಡು ಬಂದು ಅದರ ಮೇಲೆ ಇಂಗ್ಲಿಷಿನಲ್ಲೇ ಚರ್ಚೆ ಮಾಡಬೇಕು. ಒಬ್ಬ ಗುಮಾಸ್ತನಿದ್ದ, ಒಬ್ಬ ಶಿಕ್ಷಕಿ ಇದ್ದಳು, ಔಷಧದ ಅಂಗಡಿಯವನಿದ್ದ. ಎಲ್ಲರೂ ಕನ್ನಡ ಶಾಲೆಯಲ್ಲಿ ಕಲಿತವರು. ಇಂಗ್ಲಿಷ್ ಎಂದರೆ ಎದೆ ಡವಗುಟ್ಟುವವರು. ಗುಮಾಸ್ತನನ್ನು ಸಾಹೇಬರು ಎಲ್ಲರೆದುರು ಇಂಗ್ಲಿಷಿನಲ್ಲಿ ಬೈದಿದ್ದರು, ಅವನಿಗೆ ಉತ್ತರ ಕೊಡಲು ಆಗಿರಲಿಲ್ಲ. ಶಿಕ್ಷಕಿಯ ಶಾಲೆ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿತ್ತು. ಅವರನ್ನು ನೋಡಿ ನಗಬೇಡ. ಪಾಪ, ಒಳ್ಳೆಯ ಜನ. ಬೈಸಿಕೊಂಡವನಿಗೆ ಗೊತ್ತು ಅದರ ಉರಿ.

ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೇಜಿನ ನಡುವೆ ಒಂದು ಬಟ್ಟಲು ಹುಣಿಸೆ ಬೀಜ. ಕಾದಂಬರಿಯಲ್ಲಿ ಬಂದ ಹೊಸ ಪದವನ್ನು ಮಾತಿನಲ್ಲಿ ಬಳಸಿದವರ ಮುಂದೆ ಒಂದು ಬೀಜ. ಹೆಚ್ಚು ಬೀಜ ಗಳಿಸಿದವರಿಗೆ ಕೊನೆಯಲ್ಲಿ ಚಪ್ಪಾಳೆ. ಇದರಿಂದ ಅವರ ಹೆದರಿಕೆ ಹೋಯಿತು, ಬಾಯಿ ಬಂತು. ಅದು ಸುಳ್ಳಲ್ಲ.

ಪಾತ್ರೆ ವ್ಯಾಪಾರಿಯೂ ಸೇರಿಕೊಂಡ. ಪರರಾಜ್ಯದ ಸಗಟು ವ್ಯಾಪಾರಿಗಳ ಜೊತೆ ಮಾತಾಡಲು ಬೇಕಾಗುತ್ತದೆ ಎಂದ. ಮೊದಮೊದಲು ಸುಮ್ಮನೆ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಒಂದು ವಾರ ಒಂದು ಅಧ್ಯಾಯ ಬಂತು. ಅದರಲ್ಲಿ ಯಾವುದೋ ದೂರದೇಶದ ಬೂಟು ಹೊಲಿಯುವವನು. ಅವನ ಮಗ ಚಿಕ್ಕವನಿದ್ದಾಗಲೇ ಸತ್ತಿದ್ದಾನೆ. ಅವನು ಮಾತ್ರ ವರ್ಷ ವರ್ಷವೂ ಮಗನಿಗೆಂದು ಒಂದು ಜೊತೆ ಬೂಟು ಹೊಲಿಯುತ್ತಾನೆ, ವರ್ಷ ವರ್ಷವೂ ಅಳತೆ ಹೆಚ್ಚಿಸುತ್ತಾನೆ.

ವ್ಯಾಪಾರಿ ನಿಘಂಟು ಹಿಡಿದುಕೊಂಡು ಇದನ್ನು ಓದಿದ. ಮತ್ತೆ ಓದಿದ. ಲೋಕದಲ್ಲಿ ತನ್ನಂಥವನು ಇನ್ನೊಬ್ಬನಿದ್ದಾನಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು. ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಮಗನನ್ನು ಅವನು ಇಂಗ್ಲಿಷಿನಲ್ಲಿ ಎಂದೂ ಕರೆದಿರಲಿಲ್ಲ, ಮುದ್ದಿಸಿರಲಿಲ್ಲ, ಗದರಿರಲಿಲ್ಲ. ಆ ಭಾಷೆಯಲ್ಲಾದರೆ ಅಳದೆ ಹೇಳಬಹುದು. ಅಂಗಡಿಯಲ್ಲಿ ಕೂತು ವಾರವೆಲ್ಲ ಎರಡು ಮೂರು ವಾಕ್ಯ ಜೋಡಿಸಿದ. ಗಿರಾಕಿ ಇಲ್ಲದಾಗ ತುಟಿಯೊಳಗೇ ಹೇಳಿಕೊಂಡ.

ಭಾನುವಾರ ಬಂತು. ಬೂಟು ಹೊಲಿಯುವವನಿಗೆ ಹುಚ್ಚೋ ಅಲ್ಲವೋ ಎಂದು ಚರ್ಚೆ. ಹುಚ್ಚೇ ಎಂದು ಗುಮಾಸ್ತ ಎರಡು ದೊಡ್ಡ ಪದ ಹಾಕಿ ವಾದಿಸಿದ. ಅವನ ಮುಂದೆ ಎರಡು ಬೀಜ ಬಂದವು. ಅಲ್ಲ, ಬರಿಯ ಭಾವುಕತೆ ಎಂದು ಶಿಕ್ಷಕಿ ಅದಕ್ಕಿಂತ ದೊಡ್ಡ ಪದ ಹಾಕಿದಳು. ಮಾತು ಕಾವೇರಿತು. ಅಷ್ಟರಲ್ಲಿ ವ್ಯಾಪಾರಿ ಎದ್ದು ನಿಂತ. ಕೈ ಮೇಜನ್ನು ಗಟ್ಟಿಯಾಗಿ ಹಿಡಿದಿತ್ತು.

"ಹಿ ಈಸ್ ನಾಟ್ ಮ್ಯಾಡ್. ಮೈ ಸನ್ ಡೈಡ್. ಐ ಆಲ್ಸೋ ಮೇಕ್ ಎ ಪ್ಲೇಟ್ ಫಾರ್ ಹಿಮ್. ಎವ್ರಿ ಇಯರ್," ಎಂದ.

ಅವನು ಅಳಲಿಲ್ಲ. ಹೇಳಿಬಿಟ್ಟೆನಲ್ಲ ಎಂದು ಸುತ್ತ ಒಬ್ಬೊಬ್ಬರ ಮುಖ ನೋಡಿದ.

ಗುಮಾಸ್ತ ಪ್ರೀತಿಯಿಂದಲೇ ಹೇಳಿದ: "ಭಲೇ ಯಜಮಾನರೇ, ಅಂತೂ ಬಾಯಿಬಿಟ್ಟಿರಿ! ಆದರೆ 'ಮೈ ಸನ್ ಡೈಡ್' ತೀರಾ ಸಾದಾ ಆಯಿತು. 'ಬಿರೀವ್ಡ್' ಅನ್ನಿ, ಹತ್ತಿರದವರನ್ನು ಕಳೆದುಕೊಂಡವರಿಗೆ ಹಾಗೆನ್ನುತ್ತಾರೆ. ಹೋದ ಅಧ್ಯಾಯದಲ್ಲೇ ಇದೆ." ಆ ಪದಕ್ಕೆ ಗುಮಾಸ್ತನ ಮುಂದೆ ಇನ್ನೊಂದು ಬೀಜ ಬಂತು. ಎಲ್ಲರೂ ವ್ಯಾಪಾರಿಗೆ ಧೈರ್ಯ ತುಂಬಲು ಚಪ್ಪಾಳೆ ತಟ್ಟಿದರು. ಅವನ ಮುಂದೆ ಬೀಜ ಇಡಲಿಲ್ಲ, ಅವನ ಮಾತಿನಲ್ಲಿ ಹೊಸ ಪದವಿರಲಿಲ್ಲ. ಅವನು 'ಬಿರೀವ್ಡ್' ಎಂದು ಒಮ್ಮೆ ಹೇಳಿ, ಥ್ಯಾಂಕ್ ಯೂ ಎಂದು ಕೂತುಕೊಂಡ. ಚರ್ಚೆ ಮುಂದುವರಿಯಿತು.

ಹಾಲೇಶನಿಗೆ ತಡೆಯಲಾಗಲಿಲ್ಲ. "ಆದರೆ ಗುಮಾಸ್ತ ಹೇಳಿದ್ದು ಸರಿಯಾದ ಪದವೇ ಅಲ್ಲವೇ ಗುರುಗಳೇ?"

"ಸರಿಯಾದ ಪದವೇ ಕಣಯ್ಯ, ಯಾರು ಇಲ್ಲವೆಂದರು? ಅದೇ ನನ್ನ ಸಂಕಟ. ಬಾಯಿ ಹಾಕಬೇಡ ಎಂದಿರಲಿಲ್ಲವೇ?" ಎಂದು ಗುರುಗಳು ಗದರಿದರು. ಮತ್ತೆ ಹೇಳತೊಡಗಿದರು.

ಮರುದಿನ ಬೆಳಿಗ್ಗೆ ಶಿಕ್ಷಕಿ ಅಕ್ಕಿ ತೊಳೆಯುತ್ತಿದ್ದಳು. ಹಿಂದಿನ ದಿನದ ಮಾತುಗಳನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ನಿಂತುಹೋಯಿತು. "ಅಯ್ಯೋ ದೇವರೇ, ಆ ಮನುಷ್ಯ ಏನು ಹೇಳಿದ!" ಎಂದಳು. ಅಕ್ಕಿಯನ್ನು ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಪೇಟೆ ಬೀದಿಗೆ ಓಡಿದಳು.

ವ್ಯಾಪಾರಿ ಆಗಷ್ಟೇ ಅಂಗಡಿ ತೆರೆದಿದ್ದ. "ಬನ್ನಿ ಅಕ್ಕಾ, ಏನು ತೋರಿಸಲಿ? ಹೊಸ ಕುಕ್ಕರ್ ಬಂದಿವೆ," ಎಂದ.

ಶಿಕ್ಷಕಿಗೆ ಮೇಲುಸಿರು ಹತ್ತಿತ್ತು. "ಅಣ್ಣಾ, ನಿನ್ನೆ ನೀವು ನಿಮ್ಮ ಮಗನ ವಿಷಯ ಹೇಳಿದಿರಲ್ಲ..." ಎಂದಳು.

ವ್ಯಾಪಾರಿ ಒಂದು ಚೊಂಬನ್ನು ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದ. "ಅದಾ ಅಕ್ಕಾ? ಅದು ಸುಮ್ಮನೆ ಇಂಗ್ಲಿಷ್ ಅಭ್ಯಾಸಕ್ಕೆ ಹೇಳಿದ್ದು," ಎಂದ.

ಅವನು ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ಭಾನುವಾರ ಗ್ರಂಥಾಲಯಕ್ಕೂ ಬರಲಿಲ್ಲ. ಯುಗಾದಿಗೆ ಎಂದಿನಂತೆ ಬಾಗಿಲು ಹಾಕಿಕೊಂಡು ಒಂದು ತಟ್ಟೆಗೆ ಹೆಸರು ಕೊರೆದ.

ಗುರುಗಳು ಕತೆ ನಿಲ್ಲಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹಾಲೇಶನಿಗೂ ಸಂಕಟವಾಗಿತ್ತು. "ಚರ್ಚೆಗೆ ಕೂತಿದ್ದವರದೂ ತಪ್ಪೆನ್ನಲು ಆಗುವುದಿಲ್ಲ ಗುರುಗಳೇ. ಪಾಪ, ಅವರೂ ಇನ್ನೂ ಕಲಿಯುತ್ತಿದ್ದವರು. ಅಷ್ಟು ಇಂಗ್ಲಿಷ್ ಅವರಿಗೆ ಎಲ್ಲಿ ಬರಬೇಕು?" ಎಂದ.

ಗುರುಗಳು ಕಾದಂಬರಿಯನ್ನು ಅವನ ಕೈಗೆ ಕೊಡುತ್ತಾ ಮೆಲ್ಲಗೆ ಕೇಳಿದರು: "ಹೌದು ಮಗು, ಆದರೆ ಆ ವ್ಯಾಪಾರಿ ಆಡಿದ ಮಾತಿನಲ್ಲಿ ಅವರಿಗೆ ಗೊತ್ತಿಲ್ಲದ ಪದ ಯಾವುದಿತ್ತು?"