ಬಂಡೆಪ್ಪನ ಮಾತಿನಲ್ಲಿ ಮುಚ್ಚಿಹೋದ ಕೋಡಿ

ನೇರಳೆಕೆರೆಯನ್ನು ಯಾವ ಕಾಲದ ಜನ ಕಟ್ಟಿದ್ದೋ ಯಾರಿಗೂ ಗೊತ್ತಿರಲಿಲ್ಲ. ಆ ಜನ ಎದ್ದು ಹೋಗಿ, ಊರು ಮಣ್ಣಾಗಿ, ಊರಿದ್ದ ಕಡೆ ಕುರುಚಲು ಕಾಡು ಬೆಳೆದಿತ್ತು. ಕೆರೆ ಮಾತ್ರ ಉಳಿದಿತ್ತು. ಅದನ್ನು ನಂಬಿಕೊಂಡು ಕಡವೆಗಳು, ಹಂದಿಗಳು, ಮುಂಗುಸಿಗಳು, ಮುಳ್ಳುಹಂದಿಗಳು ಬಾಳುತ್ತಿದ್ದವು.

ಮಕ್ಕಳೇ, ಕೆರೆ ಅಂದರೆ ಬರೀ ನೀರಲ್ಲ. ನೀರನ್ನು ತಡೆದು ನಿಲ್ಲಿಸಲು ಮಣ್ಣಿನ ಏರಿ ಬೇಕು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿದುಹೋಗಲು ಏರಿಯ ಪಕ್ಕದಲ್ಲಿ ಒಂದು ತಗ್ಗು ದಾರಿಯೂ ಬೇಕು. ಅದಕ್ಕೆ ಕೋಡಿ ಅನ್ನುತ್ತಾರೆ. ಕೋಡಿ ಮುಚ್ಚಿಹೋದರೆ ನೀರು ಏರಿಯನ್ನೇ ಒಡೆಯುತ್ತದೆ. ಇದನ್ನು ತಿಳಿಯಲು ಯಾರೂ ದೊಡ್ಡ ಶಾಲೆಗೆ ಹೋಗಬೇಕಾಗಿಲ್ಲ. ತುಂಬಿದ ಕೊಡಕ್ಕೆ ಇನ್ನೊಂದು ಚೆಂಬು ನೀರು ಸುರಿದು ನೋಡಿದರೆ ಸಾಕು.

ನೇರಳೆಕೆರೆಯ ಕೋಡಿ ಮುಚ್ಚಿಹೋಗಿತ್ತು. ಹೂಳು ತುಂಬಿ, ಅದರ ಮೇಲೆ ಲಂಟಾನದ ಮುಳ್ಳುಪೊದೆ ಹಬ್ಬಿ, ಅಲ್ಲೊಂದು ದಾರಿ ಇತ್ತೆಂದು ಹೊಸಬರಿಗೆ ಹೇಳಿದರೂ ನಂಬುವ ಹಾಗಿರಲಿಲ್ಲ.

ಆಗ ಕೆರೆಯ ಯಜಮಾನಿಕೆ ಹೊನ್ನಕ್ಕ ಎಂಬ ಕಡವೆಯದು. ಅವಳಿಗಿಂತ ಮೊದಲು ಬಂಡೆಪ್ಪ ಎಂಬ ಕಾಡುಹಂದಿ ಯಜಮಾನನಾಗಿದ್ದ. ಅವನ ಕಾಲದಲ್ಲಿ ಒಂದು ವರ್ಷ ಭಾರಿ ಮಳೆ ಬಂತು. ಏರಿ ಒಡೆಯುವುದರಲ್ಲಿತ್ತು. ಬಂಡೆಪ್ಪ ತನ್ನ ಕೋರೆಯಿಂದಲೇ ಏರಿಯ ತೆಂಕಣ ಮೂಲೆಯನ್ನು ಕಡಿದು ನೀರು ಬಿಟ್ಟ. ಕೆರೆ ಉಳಿಯಿತು. ಆದರೆ ಆ ನೀರು ಕೆಳಗಿದ್ದ ಮುಂಗುಸಿಗಳ ಬಿಲಕ್ಕೆ ನುಗ್ಗಿತು. ಚೌಡಿ ಎಂಬ ಮುಂಗುಸಿಯ ಮರಿಗಳು ಅಲ್ಲೇ ಸತ್ತವು. ಬಂಡೆಪ್ಪ ಯಾರ ಹತ್ತಿರವೂ ಹೆಚ್ಚು ಮಾತಾಡದೆ ಯಜಮಾನಿಕೆ ಬಿಟ್ಟು, ಗುಡ್ಡದ ಆಚೆಯ ಹಳ್ಳಕ್ಕೆ ಹೋಗಿ ಸೇರಿಕೊಂಡ.

ಅವನು ಹೋದ. ಅವನ ಹೆಸರು ಹೋಗಲಿಲ್ಲ.

ಕೆರೆಯ ದಂಡೆಯ ಹುಣಸೆಮರದ ಕೆಳಗೆ ದಿನವೂ ಸಂಜೆ ಎಲ್ಲರೂ ಸೇರುತ್ತಿದ್ದರು. ಅದಕ್ಕೆ ಮಾತಿನ ಕಟ್ಟೆ ಎಂದು ಹೆಸರು. ಮಾತು ನಡೆಸುವವರು ಹರಟೆಮಲ್ಲ ಹಕ್ಕಿಗಳು. ನೀವು ನೋಡಿರುತ್ತೀರಿ, ಮಣ್ಣುಬಣ್ಣದವು, ಗುಂಪುಗುಂಪಾಗಿ ನೆಲದ ಮೇಲೆ ಕುಪ್ಪಳಿಸುತ್ತ ಬಾಯಿ ಮುಚ್ಚದೆ ಇರುತ್ತವೆ. ಅವರ ಹಿರಿಯನ ಹೆಸರು ಹಿರೇಮಲ್ಲ. ಕೆರೆಯ ಯಾವ ಕೆಲಸವಾದರೂ ಮೊದಲು ಕಟ್ಟೆಯಲ್ಲಿ ಮಾತಾಗಬೇಕು. ಹಿರೇಮಲ್ಲ "ಮಾತು ಮುಗಿಯಿತು" ಎಂದು ಕೂಗಿದ ಮೇಲೆಯೇ ಕೆಲಸಕ್ಕೆ ಏಳಬೇಕು. ಇದು ಬಂಡೆಪ್ಪನೇ ಮಾಡಿಟ್ಟ ಕಟ್ಟಳೆ.

ಆದರೆ ಮಾತು ಮುಗಿದರೆ ತಾನೆ? ಎಲ್ಲಿಂದ ಹೊರಟರೂ ಅದು ಬಂಡೆಪ್ಪನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅತ್ತಿಹಣ್ಣಿಗೆ ಹುಳ ಬಿದ್ದರೂ ಬಂಡೆಪ್ಪ ಕಾರಣ, ಬೀಳದಿದ್ದರೂ ಬಂಡೆಪ್ಪ ಕಾರಣ. ಹಂದಿಗಳು ಅವನ ಕಾಲದಲ್ಲಿ ಗೆಡ್ಡೆಗೆಣಸು ಎಷ್ಟು ದಪ್ಪವಾಗಿರುತ್ತಿದ್ದವೆಂದು ನೆನೆಯುತ್ತಿದ್ದವು. ಮುಂಗುಸಿಗಳು ಅವನ ಕಾಲದಲ್ಲಿ ಯಾರು ಯಾರು ಸತ್ತರೆಂದು ನೆನೆಯುತ್ತಿದ್ದವು. ಬಂಡೆಪ್ಪನ ಅಕ್ಕನ ಮಗ ಕೆಂಚ ಎಂಬ ಎಳೆಹಂದಿಗೆ ಮಾವನ ಹೆಸರು ಹೇಳದೆ ಉಣ್ಣಲೂ ಬರುತ್ತಿರಲಿಲ್ಲ.

ಬೇಸಿಗೆ ಶುರುವಾದಾಗ ಚೌಡಿ ಹೊನ್ನಕ್ಕನ ಮನೆ ಬಾಗಿಲಿಗೆ ಬಂದಳು. ಅವಳು ಮತ್ತೆ ಮರಿ ಹಾಕುವವಳಿದ್ದಳು. ಬಿಲ ಹಳೆಯ ಜಾಗದಲ್ಲೇ ಇತ್ತು. ಉಳಿದ ಕಡೆಯೆಲ್ಲ ಬರೀ ಕಲ್ಲು, ಬಿಲ ತೋಡುವಂಥ ಮಣ್ಣು ಇದ್ದದ್ದು ಏರಿಯ ಕೆಳಗೆ ಮಾತ್ರ.

"ಹೊನ್ನಕ್ಕ, ಈ ಸಲ ಮಳೆಗೆ ಮುಂಚೆ ಕೋಡಿ ಬಿಡಿಸಿಬಿಡು. ಕೋಡಿ ಹರಿದರೆ ನನ್ನ ಮರಿಗಳು ಉಳಿಯುತ್ತವೆ. ಇಲ್ಲದಿದ್ದರೆ ಈಗಲೇ ಹೇಳು, ಗುಡ್ಡ ದಾಟಿ ಎಲ್ಲಾದರೂ ಹೋಗ್ತೀನಿ."

"ನೀನು ಎಲ್ಲಿಗೂ ಹೋಗಬೇಡ ಚೌಡಿ. ಕೋಡಿ ಬಿಡಿಸ್ತೀನಿ," ಎಂದಳು ಹೊನ್ನಕ್ಕ.

ಮನಸ್ಸಿನಿಂದಲೇ ಹೇಳಿದಳು. ಅವತ್ತೇ ಸಂಜೆ ಕಟ್ಟೆಯಲ್ಲಿ ಮಾತು ಎತ್ತಿದಳು. ಕಡವೆಗಳು ಕೊಂಬಿನಿಂದ ಲಂಟಾನ ಕೀಳಲಿ, ಮುಳ್ಳುಹಂದಿಗಳು ಬೇರು ಕಡಿಯಲಿ, ಹಂದಿಗಳು ಹೂಳು ತೋಡಲಿ ಎಂದಳು. ಎಲ್ಲರೂ ತಲೆಯಾಡಿಸಿದರು. ಆಗ ಕೆಂಚ ಎದ್ದು, ಕೋಡಿ ಇದ್ದರೇನು ಬಿಟ್ಟರೇನು, ನಮ್ಮ ಮಾವನಂಥ ಯಜಮಾನ ಇದ್ದಿದ್ದರೆ ಏರಿಯನ್ನೇ ಕಡಿದು ಕೆರೆ ಉಳಿಸುತ್ತಿದ್ದ ಎಂದ.

ಚೌಡಿಗೆ ಮೈಯೆಲ್ಲ ಉರಿಯಿತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮರಿ ಕಳೆದುಕೊಂಡವಳು ಬಾಯಿ ಮುಚ್ಚಿಕೊಂಡಿರುವುದು ಹೇಗೆ? "ಉಳಿಸಿದ ಕೆರೆಯಲ್ಲಿ ನನ್ನ ಮರಿಗಳು ತೇಲಿದವಲ್ಲ, ಅದನ್ನೂ ಹೇಳು," ಎಂದಳು.

ಅಲ್ಲಿಂದ ಮಾತು ಹೊತ್ತಿಕೊಂಡಿತು. ಕೋಡಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಹರಟೆಮಲ್ಲಗಳಿಗೆ ಹಬ್ಬ. ಹಿರೇಮಲ್ಲ ಆ ಕಡೆಯವರಿಂದ ಒಂದು ಮಾತು, ಈ ಕಡೆಯವರಿಂದ ಒಂದು ಮಾತು ಎತ್ತಿಕೊಡುತ್ತ ಕತ್ತಲಾಗುವವರೆಗೂ ಕುಪ್ಪಳಿಸಿದ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಬೇಸಿಗೆ ಅರ್ಧ ಕಳೆಯಿತು. ಚೌಡಿ ಮರಿ ಹಾಕಿದಳು.

ಹೊನ್ನಕ್ಕನಿಗೆ ಕಟ್ಟಳೆ ಮುರಿಯುವ ಧೈರ್ಯ ಇರಲಿಲ್ಲ. ಮುರಿದರೆ ಹಂದಿಗಳು, ಬಂಡೆಪ್ಪ ಎಲ್ಲರನ್ನೂ ಕೇಳುತ್ತಿದ್ದ, ಇವಳು ಯಾರನ್ನೂ ಕೇಳುವುದಿಲ್ಲ ಎನ್ನುತ್ತವೆ. ಮುಂಗುಸಿಗಳು, ನೋಡಿ, ಇವಳೂ ಬಂಡೆಪ್ಪನ ಹಾಗೆ ತನಗೆ ತೋಚಿದ್ದೇ ಮಾಡುತ್ತಾಳೆ ಎನ್ನುತ್ತವೆ. ತಾನು ಏನು ಮಾಡಬೇಕು ಎನ್ನುವುದಕ್ಕಿಂತ, ಮಾಡಿದರೆ ಬಂಡೆಪ್ಪನ ಪಕ್ಕದಲ್ಲಿ ನಿಲ್ಲಿಸಿ ಎಷ್ಟು ಎತ್ತರ ಅಳೆಯುತ್ತಾರೆ ಎನ್ನುವುದೇ ಅವಳಿಗೆ ದೊಡ್ಡದಾಗಿತ್ತು. ಇದೇ ಅವಳ ಕೊರತೆ.

ಕಡೆಗೆ ಒಂದು ಬೆಳಿಗ್ಗೆ ಗುಡ್ಡ ಹತ್ತಿ ಇಳಿದು ಬಂಡೆಪ್ಪನನ್ನೇ ಕಾಣಲು ಹೋದಳು.

ಅವನು ಹಳ್ಳದ ಕೆಸರಿನಲ್ಲಿ ಮಲಗಿದ್ದ. ಕೂದಲು ಉದುರಿತ್ತು, ಒಂದು ಕೋರೆ ಮುರಿದಿತ್ತು.

"ಯಾರು, ಹೊನ್ನಿಯಾ? ಬಾ ಮಗಳೇ. ಇನ್ನೂ ನನ್ನನ್ನು ಬೈತಾ ಇದ್ದಾರಾ?"

"ಅರ್ಧ ಜನ ಬೈತಾರೆ ಮಾವ. ಅರ್ಧ ಜನ ಹೊಗಳ್ತಾರೆ."

"ಹೊಗಳೋರು ಯಾರು, ಕೆಂಚನಾ? ನಾನು ಅಲ್ಲಿದ್ದಾಗ ನನ್ನ ಒಂದು ಮಾತೂ ಕೇಳಿದವನಲ್ಲ ಅವನು."

ಹೊನ್ನಕ್ಕ ನಕ್ಕಳು. ಆಮೇಲೆ ಬಂದ ಕಾರಣ ಹೇಳಿದಳು. ಅವತ್ತು ಏರಿ ಕಡಿದದ್ದು ಸರಿಯೋ ತಪ್ಪೋ, ಅದನ್ನೊಂದು ಹೇಳಿಬಿಡು, ಅಲ್ಲಿಗೆ ಈ ಜಗಳ ಮುಗಿಯುತ್ತದೆ ಎಂದು ಕೇಳಿದಳು. ಬಂಡೆಪ್ಪ ಕೆಸರಿನಿಂದ ಎದ್ದು ಕೂತ.

"ಆ ಹೊತ್ತಿನಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ಬೇರೆ ದಾರಿ ಇಲ್ಲದ ಹಾಗೆ ಮಾಡಿಕೊಂಡವನೂ ನಾನೇ. ಆ ಬೇಸಿಗೆಯಲ್ಲೇ ಕೋಡಿ ಬಿಡಿಸಬೇಕಾಗಿತ್ತು. ಬಿಡಿಸಲಿಲ್ಲ."

"ಯಾಕೆ ಮಾವ?"

"ದೊಡ್ಡಯ್ಯ ಒಳ್ಳೆಯವನೋ ಕೆಟ್ಟವನೋ ಅಂತ ಕಟ್ಟೆಯಲ್ಲಿ ಮಾತಾಡ್ತಾ ಇದ್ದೆವು."

ದೊಡ್ಡಯ್ಯ ಅಂದರೆ ಬಂಡೆಪ್ಪನಿಗಿಂತ ಹಿಂದೆ ಯಜಮಾನನಾಗಿದ್ದ ಆನೆ. ಹೊನ್ನಕ್ಕ ಆ ಹೆಸರನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದಳು, ಅಷ್ಟೆ. ದೊಡ್ಡಯ್ಯ ಯಾರನ್ನೂ ಕೇಳದೆ ಕೆಲಸ ಮಾಡುತ್ತಿದ್ದ, ನಾನು ಹಾಗಲ್ಲ ಎಂದು ತೋರಿಸಿಕೊಳ್ಳಲೆಂದೇ ಕಟ್ಟೆಯ ಕಟ್ಟಳೆ ಮಾಡಿದೆ ಎಂದು ಬಂಡೆಪ್ಪ ಹೇಳಿಕೊಂಡ. ಮುಂಗುಸಿಯ ಮರಿಗಳು ಇವತ್ತಿಗೂ ಕಣ್ಣಿಗೆ ಕಟ್ಟುತ್ತವೆ ಎಂದ. ಅವಳು ಹೊರಟಾಗ ಹಿಂದಿನಿಂದ ಕರೆದು ಹೇಳಿದ:

"ಹೊನ್ನಿ, ಅಲ್ಲಿ ಹೋಗಿ ನನ್ನ ಸುದ್ದಿ ಎತ್ತಬೇಡ. ಎಲ್ಲರೂ ಬನ್ನಿ ಅಂತ ಹೇಳಿ ನೀನು ಮುಂದೆ ನಡಿ. ಒಂದು ಗಿಡ ಕಿತ್ತರೆ ಸಾಕು, ಉಳಿದವರು ಬರುತ್ತಾರೆ."

ಎಷ್ಟು ಸುಲಭದ ಮಾತು ನೋಡಿ. ಹೊನ್ನಕ್ಕ ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಳು. ಆದರೆ ಸಂಜೆ ಕಟ್ಟೆಯಲ್ಲಿ ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಅವಳು ಮುಂದೆ ನಡೆಯದೆ ನಿಂತುಬಿಟ್ಟಳು. ಆಸರೆಗೆ ಏನಾದರೂ ಬೇಕೆನಿಸಿತು. ಬಾಯಿ ತೆರೆದವಳು, "ನಾನು ಬಂಡೆಪ್ಪನನ್ನು ನೋಡಿ ಬಂದೆ. ಕೋಡಿ ಬಿಡಿಸದೆ ತಪ್ಪು ಮಾಡಿದೆ ಅಂತ ಅವನೇ ಹೇಳಿದ," ಎಂದುಬಿಟ್ಟಳು.

ಬೆಂಕಿಗೆ ತುಪ್ಪ ಬಿದ್ದಂತಾಯಿತು. ಮುಂಗುಸಿಗಳು, ಕೇಳಿದಿರಾ, ಅವನ ಬಾಯಿಂದಲೇ ಬಂತು ಎಂದು ಹಾರಾಡಿದವು. ಹಂದಿಗಳು, ನಮ್ಮ ಬಂಡೆಪ್ಪ ಹಾಗೆ ಹೇಳುವವನೇ ಅಲ್ಲ, ಹೊನ್ನಕ್ಕ ಕಟ್ಟಿ ಹೇಳುತ್ತಿದ್ದಾಳೆ ಎಂದವು. ಕೆಂಚ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಮಾವನೇ ಹೇಳಿದ್ದರೂ ನಾನು ಒಪ್ಪಲ್ಲ. ಮಾವನಿಗೆ ವಯಸ್ಸಾಗಿದೆ. ಮಾವ ಎಂಥವನು ಅಂತ ಮಾವನಿಗಿಂತ ನನಗೆ ಚೆನ್ನಾಗಿ ಗೊತ್ತು," ಎಂದ.

ಹಿರೇಮಲ್ಲ ಸಂತೋಷದಿಂದ ಕತ್ತು ಕೊಂಕಿಸಿ, ಇದು ದೊಡ್ಡ ವಿಷಯ, ಇದಕ್ಕೆ ತುಂಬ ದಿನ ಬೇಕು ಎಂದ. ಬೇಸಿಗೆಯ ಉಳಿದ ಅರ್ಧವನ್ನು ಆ ವಿಷಯ ನುಂಗಿತು.

ಮಳೆ ಯಾರನ್ನೂ ಕೇಳದೆ ಬಂತು.

ಮೊದಲು ಎಲ್ಲರಿಗೂ ಖುಷಿಯೇ. ಆಮೇಲೆ ಮಳೆ ಬಿಡಲೇ ಇಲ್ಲ. ನೀರು ಏರಿಯ ಕಲ್ಲುಗಳನ್ನು ಮುಳುಗಿಸುತ್ತ ಮೇಲೆ ಬಂತು. ಆಗ ಹೊನ್ನಕ್ಕ ಕಟ್ಟಳೆ ಬಿಟ್ಟು, ಎಲ್ಲರೂ ಕೋಡಿಗೆ ಬನ್ನಿ ಎಂದು ಕೂಗಿದಳು. ಬಂಡೆಪ್ಪ ಹೇಳಿದ್ದು ನಿಜ. ಯಾರೂ ತಡೆಯಲಿಲ್ಲ, ಯಾರೂ ವಾದ ಮಾಡಲಿಲ್ಲ, ಹಂದಿಗಳೂ ಮುಂಗುಸಿಗಳೂ ಒಟ್ಟಿಗೇ ಓಡಿ ಬಂದವು. ಆದರೆ ನೆನೆದ ಹೂಳು ತೋಡಿದಷ್ಟೂ ಕುಸಿಯುತ್ತಿತ್ತು. ಲಂಟಾನದ ಬೇರು ಹಿಡಿತಕ್ಕೇ ಸಿಗುತ್ತಿರಲಿಲ್ಲ. ಒಣಗಿದ ದಿನಗಳಲ್ಲಿ ಆಗಬೇಕಾದ ಕೆಲಸ ಅದು.

ಕೆಂಚ ಹೊನ್ನಕ್ಕನ ಹತ್ತಿರ ಬಂದ. ಮೈತುಂಬ ಕೆಸರು. ಹೆಮ್ಮೆಯೆಲ್ಲ ಇಳಿದಿತ್ತು. "ಅಕ್ಕ, ಚೌಡಿ ಮರಿಗಳನ್ನು ಮೇಲೆ ತರಲಿ. ನಾವು ತೆಂಕಣ ಮೂಲೆ ಕಡಿಯೋಣ. ಅರ್ಧ ನೀರಾದರೂ ಉಳಿಯುತ್ತೆ."

ಮಕ್ಕಳೇ, ಆ ಹೊತ್ತಿಗೆ ಅದೇ ಸರಿಯಾಗಿತ್ತು. ಹೊನ್ನಕ್ಕನಿಗೂ ಅದು ಗೊತ್ತಿತ್ತು. ಆದರೆ ಏರಿ ಕಡಿದರೆ ಜನ ತನ್ನನ್ನು ಏನೆಂದು ಕರೆಯುತ್ತಾರೆ ಎನ್ನುವುದು ಕಣ್ಣ ಮುಂದೆ ಬಂತು. "ಬೇಡ, ಅವನು ಮಾಡಿದ್ದನ್ನು ನಾನು ಮಾಡಲ್ಲ. ಇನ್ನು ಸ್ವಲ್ಪ ನೋಡೋಣ," ಎಂದಳು. ಹೆದರಬೇಡ ಎಂದು ಚೌಡಿಗೂ ಹೇಳಿ ಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ಏರಿ ನಡುವಿನಲ್ಲೇ ಒಡೆಯಿತು. ಅರ್ಧ ನೀರಲ್ಲ, ಪೂರಾ ಕೆರೆ ಎದ್ದು ಹೋಯಿತು. ಚೌಡಿ ಬಾಯಲ್ಲಿ ಕಚ್ಚಿಕೊಂಡು ಒಂದು ಮರಿಯನ್ನು ಬಂಡೆಯ ಮೇಲೆ ಇಟ್ಟಳು. ಇನ್ನೊಂದನ್ನು ತರಲು ತಿರುಗಿದಾಗ ಬಿಲ ಇದ್ದ ಜಾಗದಲ್ಲಿ ಬರೀ ಕೆಂಪು ನೀರು ಹರಿಯುತ್ತಿತ್ತು.

ಮಳೆ ನಿಂತ ಮೇಲೆ ಹೊನ್ನಕ್ಕ ಆ ಬಂಡೆಯ ಹತ್ತಿರ ಹೋದಳು. ಚೌಡಿ ಉಳಿದ ಮರಿಯನ್ನು ನೆಕ್ಕುತ್ತಿದ್ದಳು. ಹೊನ್ನಕ್ಕ ಅವಳ ಮುಂದೆ ತಲೆ ತಗ್ಗಿಸಿ ನಿಂತಳು. "ನಾನು ಮಾತು ಕೊಟ್ಟಿದ್ದೆ," ಎಂದಳು.

"ಕೊಟ್ಟಿದ್ದೆ," ಎಂದಳು ಚೌಡಿ. ಮರಿಯನ್ನು ನೆಕ್ಕುತ್ತಲೇ ಮುಂದೆ ಹೇಳಿದಳು. "ನಿನ್ನೊಬ್ಬಳನ್ನೇ ದೂರಿ ಏನು ಮಾಡಲಿ ಅಕ್ಕ. ಕೋಡಿ ಅಂತ ನೀನು ಬಾಯಿ ತೆಗೆದಾಗೆಲ್ಲ ನಾನೂ ಬಂಡೆಪ್ಪನನ್ನು ಬೈದೆ. ಸತ್ತ ಮರಿಗಳಿಗಾಗಿ ಬೈದೆ. ಬದುಕಿದ್ದ ಮರಿಗಳು ಅಲ್ಲೇ ಬಿಲದಲ್ಲಿದ್ದವು."

ಮರಿಯನ್ನು ಬಾಯಲ್ಲಿ ಎತ್ತಿಕೊಂಡು ಅವಳು ಗುಡ್ಡದ ಕಡೆ ನಡೆದಳು. ಹೊನ್ನಕ್ಕ ಅವಳನ್ನು ಕರೆಯಲಿಲ್ಲ. ಏನೆಂದು ಕರೆಯಬೇಕು?

ಬಿಸಿಲು ಬಂದು ಹೂಳು ಒಣಗಿದಾಗ ಹೊನ್ನಕ್ಕ ಕೋಡಿಗೆ ಹೋಗಿ ಲಂಟಾನ ಕೀಳಲು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಕೆಂಚ ಬಂದು ಪಕ್ಕದಲ್ಲಿ ಹೂಳು ತೋಡತೊಡಗಿದ. ಇಬ್ಬರೂ ಮಾತಾಡಲಿಲ್ಲ. ಕೆಲಸ ಚೆನ್ನಾಗಿಯೇ ಸಾಗಿತು, ಎರಡು ದಿನಕ್ಕೆ ದಾರಿ ಬಿಟ್ಟುಕೊಂಡಿತು. ಅಷ್ಟು ಸಣ್ಣ ಕೆಲಸ ಅದು. ಆದರೆ ಆ ದಾರಿಯಲ್ಲಿ ಹರಿಯಲು ಕೆರೆಯಲ್ಲಿ ನೀರಿರಲಿಲ್ಲ.

ನೀತಿ: ಹೋದ ಯಜಮಾನನನ್ನು ಹೊಗಳುವುದರಲ್ಲೂ ತೆಗಳುವುದರಲ್ಲೂ ಹೊತ್ತು ಕಳೆದವರಿಗೆ ಇಂದು ಬಿಟ್ಟ ಕೆಲಸ ನಾಳಿನ ದುಃಖವಾಗುತ್ತದೆ.